ಕಾಯಿಸಿ ಆರಿಸಿದರೂ ಬಿಡದ ನಂಟು

ಅಮೆರಿಕದ ಅಟ್ಲಾಂಟಾ ಪಕ್ಕದ ಡುಲುತ್‌ನಿಂದ ಓದುಗರೊಬ್ಬರು ಕೇಳಿದ್ದಾರೆ: “ಕುಡಿಯುವ ನೀರಿನಲ್ಲಿ ಪಿಫಾಸ್ ಎಂಬ ರಾಸಾಯನಿಕಗಳಿವೆ ಎಂದು ಸುದ್ದಿಯಲ್ಲಿ ಓದುತ್ತಿರುತ್ತೇವೆ. ಊರಿನಲ್ಲಿ ಮಾಡುವ ಹಾಗೆ ಕಾಯಿಸಿ ಆರಿಸಿ ಕುಡಿದರೆ ಸಾಲದೇ?”

ಸಾಲದು. ಕಾಯಿಸಿದರೆ ರೋಗಾಣು ಸಾಯುತ್ತದೆ, ಪಿಫಾಸ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದರ ಸಾಂದ್ರತೆ ಕೊಂಚ ಏರುತ್ತದೆ. ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟರೂ ಅಷ್ಟೇ. ತಾಮ್ರ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ನಿಜ. ಅದಕ್ಕಾಗಿ ಆ ಚೊಂಬಿಗೆ ಇಲ್ಲದ ಮಹಿಮೆ ಕಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದನ್ನು ನಿಲ್ಲಿಸಬೇಕು.

ಈ ಪ್ರಶ್ನೆಯ ಹಿಂದೆ, ಕುದಿಸಿದರೆ ಅಣುವೇ ಒಡೆಯುತ್ತದೆ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ, ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕಾಡುವಂಥದ್ದು. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ನೂರಕ್ಕೇ ಕುದಿಯುತ್ತದೆ. ಹಾಗಾದರೆ ನೀರಿನೊಳಗಿನ ಸಹವೇಲೆನ್ಸೀಯ ಬಂಧ ದುರ್ಬಲ ಎಂದು ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ಆದರೆ ಕುದಿಯುವಾಗ ಬಿಟ್ಟುಹೋಗುವುದು ಒಂದು ಅಣು ಪಕ್ಕದ ಅಣುವಿನ ಮೇಲಿಟ್ಟ ಸೆಳೆತ ಮಾತ್ರ. ಇಡ್ಲಿ ಪಾತ್ರೆಯಿಂದ ಏಳುವ ಹಬೆಯಲ್ಲೂ ಪ್ರತಿ ಆಕ್ಸಿಜನ್ ತನ್ನೆರಡು ಹೈಡ್ರೋಜನ್‌ಗಳನ್ನು ಹಿಡಿದುಕೊಂಡೇ ಇರುತ್ತದೆ. ಸುಮಾರು 2200 ಡಿಗ್ರಿಗೆ ಕಾಯಿಸಿದರೂ ಒಡೆಯುವುದು ನೂರರಲ್ಲಿ ಮೂರರಷ್ಟು ಅಣುಗಳು!

ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುವುದೇ ಬಂಧ ಎಂದು ಗಿಲ್ಬರ್ಟ್ ಲೂಯಿಸ್ 1916ರಲ್ಲಿ ವಿವರಿಸಿದರು. ಹಂಚಿಕೆ ಸದಾ ಸಮಪಾಲಾಗಿರುವುದಿಲ್ಲ. ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುವುದರಲ್ಲಿ ಫ್ಲೋರಿನ್‌ಗಿಂತ ಬಲಶಾಲಿ ಧಾತು ಇಲ್ಲ. ಕಾರ್ಬನ್ ಜೊತೆ ಸೇರಿದಾಗ ಜೋಡಿಯನ್ನು ತನ್ನತ್ತ ಜಗ್ಗುತ್ತದೆ. ಫ್ಲೋರಿನ್ ಕೊಂಚ ಋಣ, ಕಾರ್ಬನ್ ಕೊಂಚ ಧನವಾಗಿ ಅವುಗಳ ನಂಟು ಮತ್ತಷ್ಟು ಬಿಗಿಯಾಗುತ್ತದೆ. ಕಾರ್ಬನ್-ಹೈಡ್ರೋಜನ್ ಬಂಧ ಮುರಿಯಲು ಮೋಲ್‌ಗೆ ಸುಮಾರು 413 ಕಿಲೋಜೌಲ್ ಬೇಕಾದರೆ, ಕಾರ್ಬನ್-ಫ್ಲೋರಿನ್ ಬಂಧಕ್ಕೆ 485ರ ಆಸುಪಾಸು. ಪಿಫಾಸ್ ಅಣುಗಳಲ್ಲಿರುವ ಹಾಗೆ ಕಾರ್ಬನ್ ಸರಪಳಿಯ ಸುತ್ತ ಫ್ಲೋರಿನ್‌ಗಳು ಹಲಸಿನ ಮುಳ್ಳುಗಳಂತೆ ಒತ್ತೊತ್ತಾಗಿ ಕೂತರೆ ಒಳಗೆ ನುಗ್ಗಲು ಬೇರೆ ಅಣುಗಳಿಗೆ ದಾರಿಯೇ ಇಲ್ಲ.

1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್ ಇಂಥದ್ದೇ. ನಾನ್‌ಸ್ಟಿಕ್ ಕಾವಲಿಯಿಂದ ದೋಸೆ ಸಲೀಸಾಗಿ ಏಳುವುದು ಅದರ ಉಪಕಾರ. ಅದೇ ಗಟ್ಟಿತನ ನದಿಗೆ ಬಿದ್ದರೆ ಶಾಪ. ಜಾರ್ಜಿಯಾದ ಡಾಲ್ಟನ್‌ನಲ್ಲಿ ಕಲೆ ಹಿಡಿಯದಂತೆ ಕಾರ್ಪೆಟ್‌ಗಳಿಗೆ ಹಾಕಿದ ಪಿಫಾಸ್ ಕೊನಸಾಗಾ ನದಿ ಸೇರಿತು. ಉತ್ತರ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ ಜೆನ್‌ಎಕ್ಸ್ ಎಂಬ ಪಿಫಾಸ್ ಇರುವುದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ವಿಲ್ಮಿಂಗ್ಟನ್ ಜನ ಕುಡಿಯುತ್ತಿದ್ದುದು ಅದೇ ನದಿಯ ನೀರನ್ನು.

ಮನೆಯಲ್ಲಿ ನೆರವಾಗುವುದು ಆರ್‌ಒ ಅಥವಾ ಇದಕ್ಕೆಂದೇ ಪ್ರಮಾಣೀಕರಿಸಿದ ಸಕ್ರಿಯ ಇದ್ದಿಲಿನ ಫಿಲ್ಟರ್. ಆದರೆ ಅವು ಪಿಫಾಸನ್ನು ಬೇರ್ಪಡಿಸುತ್ತವೆ ಅಷ್ಟೇ, ನಾಶಮಾಡುವುದಿಲ್ಲ.

ನಾಶದ ಒಂದು ದಾರಿ 2022ರಲ್ಲಿ ಕಂಡದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ, ಅದೂ ಎಂಥ ಜಾಣ ದಾರಿ! ವಿಲಿಯಂ ಡಿಕ್ಟೆಲ್ ತಂಡ ಫ್ಲೋರಿನ್ ಕವಚದ ತಂಟೆಗೇ ಹೋಗಲಿಲ್ಲ. ಕೆಲವು ಪಿಫಾಸ್ ಅಣುಗಳ ಒಂದು ತುದಿಯಲ್ಲಿ ಕಾರ್ಬಾಕ್ಸಿಲಿಕ್ ಗುಂಪು ಇರುತ್ತದೆ. ಕವಚವಿಲ್ಲದ ಜಾಗ ಅದೊಂದೇ. ಡಿಎಂಎಸ್‌ಒ ದ್ರಾವಕದಲ್ಲಿ ಕಾಸ್ಟಿಕ್ ಸೋಡಾ ಬೆರೆಸಿ 80ರಿಂದ 120 ಡಿಗ್ರಿಯಲ್ಲಿ ಕಾಯಿಸಿದಾಗ ತಲೆಯಂತಿರುವ ಆ ಗುಂಪು ಕಳಚಿತು, ಹಿಂದೆಯೇ ಇಡೀ ಸರಪಳಿ ಹಂತಹಂತವಾಗಿ ಪುಡಿಯಾಗಿ ಫ್ಲೋರಿನ್ ಫ್ಲೋರೈಡ್ ಆಗಿ ಹೊರಬಂತು. ಜೆನ್‌ಎಕ್ಸ್ ಕೂಡ ಹೀಗೆ ಒಡೆಯಿತು. ತಲೆಯ ಜಾಗದಲ್ಲಿ ಸಲ್ಫೋನೇಟ್ ಹೊತ್ತ ಪಿಎಫ್‌ಒಎಸ್‌ನಂಥವು ಮಾತ್ರ ಈ ಉಪಾಯಕ್ಕೆ ಬಗ್ಗಲಿಲ್ಲ.