ನರೆಗೂದಲು: ಗ್ರಾಹಕಿಯ ಆಯ್ಕೆ, ವರ್ತಕರ ಹೊಣೆ

ಯಾವುದೇ ಊರಿನ ಕಿರಾಣಿ ಅಂಗಡಿಯಲ್ಲಿ ಶಾಂಪೂ ಪಾಕೀಟುಗಳ ಸರದ ಪಕ್ಕದಲ್ಲಿಯೇ ಹೇರ್ ಡೈ ಪಾಕೀಟುಗಳ ಸರವೂ ತೂಗುತ್ತಿರುತ್ತದೆ. ವಹಿವಾಟಿನ ದೃಷ್ಟಿಯಿಂದ ಇದೊಂದು ಸಣ್ಣ ಬಾಬ್ತು ಎಂದೇ ಬಹುಪಾಲು ವರ್ತಕರು ಭಾವಿಸಿರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಮಹಿಳೆಯೊಬ್ಬರು ತಮ್ಮ 42ನೆಯ ವಯಸ್ಸಿನಲ್ಲಿ ಕೂದಲಿಗೆ ಬಣ್ಣ ಹಚ್ಚಲು ಆರಂಭಿಸಿ, ತಿಂಗಳಿಗೊಮ್ಮೆಯಂತೆ 62ನೆಯ ವಯಸ್ಸಿನವರೆಗೆ ಮುಂದುವರಿಸಿದರೆ, ಅವರು ಒಟ್ಟು 240 ಬಾರಿ ಈ ಸರಕನ್ನು ಖರೀದಿಸುತ್ತಾರೆ. ಪ್ರತಿ ಬಾರಿಯ ಖರ್ಚು 40 ರೂಪಾಯಿ ಎಂದು ಭಾವಿಸಿದರೂ ಮೊತ್ತ 9,600 ರೂಪಾಯಿಯಾಗುತ್ತದೆ. ಅಂಥ 50 ಗ್ರಾಹಕಿಯರಿರುವ ಅಂಗಡಿಗೆ ಇದು 4,80,000 ರೂಪಾಯಿಗಳ ವಹಿವಾಟು. ಡೈ ಕೊಳ್ಳಲು ಬಂದವರು ಅದರೊಂದಿಗೆ ಮನೆಯ ಇತರ ಸಾಮಾನುಗಳನ್ನೂ ಕೊಳ್ಳುತ್ತಾರೆಂಬುದು ಬೇರೆ ಮಾತು.

ಇಷ್ಟು ದೀರ್ಘಕಾಲದ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಗೆ ಧಕ್ಕೆ ತರುವಂಥ ಸರಕು ಇಂದು ಮಾರುಕಟ್ಟೆಯಲ್ಲಿದೆ. ಆದುದರಿಂದ ಗ್ರಾಹಕಿಯ ಆಯ್ಕೆ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ, ಪ್ರತಿ ಹಂತದಲ್ಲಿ ಆಕೆಗೆ ಏನು ಬೇಕು, ವರ್ತಕರು ಮತ್ತು ಸಣ್ಣ ತಯಾರಕರು ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ತಿಳಿಯುವುದು ಅಗತ್ಯ.

ನರೆಯ ಕಾರಣ

ಕೂದಲಿನ ಬುಡದಲ್ಲಿರುವ ವರ್ಣಕೋಶಗಳು ಮೆಲನಿನ್ ಎಂಬ ದ್ರವ್ಯವನ್ನು ಉತ್ಪಾದಿಸಿ ಕೂದಲಿಗೆ ಬಣ್ಣ ನೀಡುತ್ತವೆ. ವಯಸ್ಸಾದಂತೆ ಈ ಕೋಶಗಳ ಸಂಖ್ಯೆ ಹಾಗೂ ಕಾರ್ಯಶಕ್ತಿ ಕುಂದುತ್ತದೆ. ಆಗ ಹೊಸದಾಗಿ ಹುಟ್ಟುವ ಕೂದಲು ಬಿಳಿಯಾಗಿಯೇ ಹೊರಬರುತ್ತದೆ. ಯಾವ ವಯಸ್ಸಿನಲ್ಲಿ ನರೆ ಆರಂಭವಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ವಂಶಪಾರಂಪರ್ಯವೇ ನಿರ್ಧರಿಸುತ್ತದೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ ಮುಂತಾದವು ಅಕಾಲ ನರೆಗೆ ಕಾರಣವಾಗಬಹುದು. ಅಂಥವರಿಗೆ ಬೇಕಾದುದು ವೈದ್ಯರ ಸಲಹೆ. ವಯೋಸಹಜವಾದ ನರೆಯನ್ನು ಎಣ್ಣೆ ಹಚ್ಚಿ ಬೇರಿನಿಂದಲೇ ಮತ್ತೆ ಕಪ್ಪಾಗಿಸಬಹುದೆಂಬ ಜಾಹೀರಾತುಗಳಿಗೆ ವಿಜ್ಞಾನದ ಆಧಾರವಿಲ್ಲ.

ಬಣ್ಣದ ಉದ್ಯಮ

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಬಳಿಕ ರಾಸಾಯನಿಕ ಬಣ್ಣಗಳ ಯುಗ ಆರಂಭವಾಯಿತು. ಪ್ಯಾರಾಫಿನೈಲೀನ್‌ಡೈಅಮೀನ್, ಅಂದರೆ ಸಂಕ್ಷೇಪವಾಗಿ ಪಿಪಿಡಿ, ಎಂಬ ವಸ್ತುವು 19ನೆಯ ಶತಮಾನದಲ್ಲಿಯೇ ಕೂದಲಿನ ಬಣ್ಣಕ್ಕೆ ಬಳಕೆಯಾಗತೊಡಗಿತು. 1907ರಲ್ಲಿ ಫ್ರಾನ್ಸಿನ ರಸಾಯನತಜ್ಞ ಯೂಜೀನ್ ಶ್ಯುಲ್ಲೇರ್ ಕೂದಲಿನ ಬಣ್ಣವೊಂದನ್ನು ಸಿದ್ಧಪಡಿಸಿದರು. 1909ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯೇ ಇಂದಿನ ಲೋರಿಯಲ್. ಭಾರತದಲ್ಲಿ ಈ ಸರಕನ್ನು ಸಾಮಾನ್ಯ ಕುಟುಂಬಗಳಿಗೆ ತಲುಪಿಸಿದ್ದು ಒಂದೇ ಬಾರಿಯ ಬಳಕೆಗಾಗುವ ಸಣ್ಣ ಪಾಕೀಟು. ಮೊದಲು ನೀರಿನಲ್ಲಿ ಕಲಸುವ ಪುಡಿ ಡೈ ಜನಪ್ರಿಯವಾಯಿತು. ಬಳಿಕ 2012ರಲ್ಲಿ ಗೋದ್ರೆಜ್ ಸಂಸ್ಥೆಯು ಕ್ರೀಮ್ ಬಣ್ಣವನ್ನು 30 ರೂಪಾಯಿಯ ಪಾಕೀಟಿನಲ್ಲಿ ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಬ್ಯೂಟಿ ಪಾರ್ಲರ್‌ಗಳಲ್ಲಿ ಹಾಗೂ ದೊಡ್ಡ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಕ್ರೀಮ್ ಬಣ್ಣ ಹಳ್ಳಿಯ ಅಂಗಡಿಗೂ ಬಂದಿತು.

ವಯಸ್ಸಿನೊಂದಿಗೆ ಬದಲಾಗುವ ಆಯ್ಕೆ

ನರೆಯ ಆರಂಭದಲ್ಲಿ ಬೈತಲೆಯ ಬಳಿ ಹಾಗೂ ಹಣೆಯಂಚಿನಲ್ಲಿ ಕೆಲವೇ ಬಿಳಿ ಎಳೆಗಳು ಕಾಣುತ್ತವೆ. ಈ ಹಂತದಲ್ಲಿ ಬಹುತೇಕ ಮಹಿಳೆಯರು ಅಚ್ಚ ಕಪ್ಪನ್ನೇ ಆರಿಸುತ್ತಾರೆ. ಉಳಿದ ಕೂದಲು ಕಪ್ಪಾಗಿರುವುದರಿಂದ ಅದು ಸಹಜವಾಗಿ ಹೊಂದಿಕೊಳ್ಳುತ್ತದೆ.

ಬಿಳಿಯ ಪ್ರಮಾಣ ಅರ್ಧವನ್ನು ದಾಟಿದಾಗ ಸಮಸ್ಯೆ ಬದಲಾಗುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದುದರಿಂದ ಡೈ ಹಚ್ಚಿದ ಮೂರು ವಾರಗಳಲ್ಲಿಯೇ ಬೈತಲೆಯುದ್ದಕ್ಕೂ ಬಿಳಿಯ ಗೆರೆ ಮೂಡುತ್ತದೆ. ಅಚ್ಚ ಕಪ್ಪಿನ ಪಕ್ಕದಲ್ಲಿ ಆ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ. ಮುಖದ ಚರ್ಮಕ್ಕೆ ವಯಸ್ಸಾಗಿದ್ದು ಕೂದಲು ಮಾತ್ರ ಕಡುಗಪ್ಪಾಗಿದ್ದರೆ ಕೃತಕವೆನಿಸುತ್ತದೆಂಬ ಅನಿಸಿಕೆಯೂ ಮೂಡುತ್ತದೆ. ಆಗ ಗ್ರಾಹಕಿಯು ಕಡು ಕಂದು, ತಿಳಿ ಕಂದು ಅಥವಾ ಬರ್ಗಂಡಿ ಛಾಯೆಗಳತ್ತ ತಿರುಗುತ್ತಾರೆ. ಹಿಂದೆ ಕಪ್ಪೊಂದನ್ನೇ ಕೇಳುತ್ತಿದ್ದವರು ಕಂದು ಬಣ್ಣವನ್ನು ಕೇಳಿದಾಗ ಅದು ಅಂಗಡಿಯಲ್ಲಿ ಇಲ್ಲವಾದರೆ, ಅವರು ಬೇರೆ ಅಂಗಡಿಯನ್ನು ಹುಡುಕಿಕೊಳ್ಳುತ್ತಾರೆ.

ಮೂರನೆಯ ದಾರಿ ಮದರಂಗಿಯದು. ಹಳೆಯ ಮೈಸೂರು ಭಾಗದಲ್ಲಿ ಗೋರಂಟಿ ಎಂದೂ ಮಾರುಕಟ್ಟೆಯಲ್ಲಿ ಮೆಹಂದಿ ಎಂದೂ ಪ್ರಸಿದ್ಧವಾದ ಈ ಎಲೆಯ ಪುಡಿಗೆ ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಹೆಸರಾದ ಕೇಂದ್ರ. ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಎಲೆಯಲ್ಲಿರುವ ಲಾಸೋನ್ ಎಂಬ ವಸ್ತುವು ಕೂದಲಿನ ಕೆರಾಟಿನ್‌ಗೆ ಅಂಟಿಕೊಂಡು ಕೆಂಪು ಛಾಯೆ ನೀಡುತ್ತದೆ. ಕಪ್ಪು ಎಳೆಯ ಮೇಲೆ ಇದು ಅಷ್ಟಾಗಿ ಕಾಣದು, ಬಿಳಿ ಎಳೆ ಮಾತ್ರ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಸಸ್ಯದಿಂದಲೇ ಕಪ್ಪು ಬೇಕೆನ್ನುವವರು ಮದರಂಗಿ ಹಚ್ಚಿ ತೊಳೆದ ಬಳಿಕ ನೀಲಿ ಎಲೆಯ ಪುಡಿಯ ಲೇಪ ಹಚ್ಚುತ್ತಾರೆ. ಇದಕ್ಕೆ ಹಲವು ಗಂಟೆಗಳ ಕಾಲಾವಕಾಶ ಬೇಕು. ಉದ್ಯೋಗಸ್ಥ ಮಹಿಳೆಗೆ ಭಾನುವಾರದ ಅರ್ಧ ದಿನವೇ ಬೇಕಾದೀತು.

ನಾಲ್ಕನೆಯ ದಾರಿ, ನರೆಯನ್ನು ನರೆಯಾಗಿಯೇ ಬಿಡುವುದು. ಹೇಳುವಷ್ಟು ಸುಲಭವಲ್ಲ ಇದು. 60 ಸೆಂಟಿಮೀಟರ್ ಉದ್ದದ ಜಡೆಯಿರುವವರು ಡೈ ನಿಲ್ಲಿಸಿದರೆ, ಹಳೆಯ ಬಣ್ಣ ತುದಿಯವರೆಗೆ ಪೂರ್ಣವಾಗಿ ಕಳೆಯಲು ಸುಮಾರು ಐದು ವರ್ಷ ಬೇಕಾಗುತ್ತದೆ. ಅಲ್ಲಿಯವರೆಗೆ ಜಡೆಯಲ್ಲಿ ಎರಡು ಬಣ್ಣ. ಕೆಲವರು ಕೂದಲನ್ನು ಗಿಡ್ಡ ಮಾಡಿಸುತ್ತಾರೆ, ಕೆಲವರು ತುರುಬು ಕಟ್ಟುತ್ತಾರೆ, ಇನ್ನು ಕೆಲವರು ಪಾರ್ಲರ್‌ನಲ್ಲಿ ತಿಳಿ ಛಾಯೆಗಳ ಎಳೆಗಳನ್ನು ಬೆರೆಸಿಕೊಂಡು ಅಂತರವನ್ನು ಮರೆಸುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಪಾರ್ಲರ್‌ಗಳು ಮುಚ್ಚಿದಾಗ ಅನೇಕರು ತಮ್ಮ ನಿಜವಾದ ಕೂದಲನ್ನು ವರ್ಷಗಳ ನಂತರ ಮೊದಲ ಬಾರಿಗೆ ಕಂಡರು. ಅವರಲ್ಲಿ ಕೆಲವರು ಮತ್ತೆ ಡೈ ಕಡೆಗೆ ಹೋಗಲಿಲ್ಲ.

ಸಮಾಜದ ಕಣ್ಣು

ಪುರುಷರ ನರೆಯನ್ನು ಅನುಭವದ ಗುರುತೆಂದು ಗೌರವಿಸುವ ಸಮಾಜ, ಮಹಿಳೆಯ ನರೆಯನ್ನು ಕಂಡಾಗ ಆರೋಗ್ಯ ವಿಚಾರಿಸುತ್ತದೆ. ಮದುವೆ ಮನೆಯಲ್ಲಿ, ಕಚೇರಿಯಲ್ಲಿ ಈ ಪ್ರಶ್ನೆಯನ್ನು ಎದುರಿಸುವುದು ಬೇಡವೆಂದೇ ಬಣ್ಣ ಹಚ್ಚುವವರುಂಟು. ಕೆನಡಾದ ಸಿಟಿವಿ ವಾಹಿನಿಯ ಹಿರಿಯ ವಾರ್ತಾ ನಿರೂಪಕಿ ಲೀಸಾ ಲಾಫ್ಲಾಮ್ ಅವರು ಕೋವಿಡ್ ಕಾಲದಲ್ಲಿ ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. 2022ರಲ್ಲಿ ಅವರ ಸೇವೆಯನ್ನು ಸಂಸ್ಥೆಯು ಕೊನೆಗೊಳಿಸಿದಾಗ ನರೆಗೂದಲೇ ಕಾರಣವೇ ಎಂಬ ಪ್ರಶ್ನೆ ದೇಶವ್ಯಾಪಿ ಚರ್ಚೆಯಾಯಿತು. ಸಂಸ್ಥೆಯು ಅದನ್ನು ನಿರಾಕರಿಸಿತು. ಆದರೆ ಕೆಲವೇ ದಿನಗಳಲ್ಲಿ ಡವ್ ಬ್ರಾಂಡ್ ಅಲ್ಲಿ ನರೆಗೂದಲಿನ ಪರವಾದ ಪ್ರಚಾರವನ್ನೇ ಕೈಗೊಂಡಿತು ಎಂಬುದು ವ್ಯಾಪಾರಿಗಳು ಗಮನಿಸಬೇಕಾದ ಅಂಶ.

ನಮ್ಮ ದೇಶದಲ್ಲಿ ಇಂದಿರಾ ಗಾಂಧಿಯವರ ತಲೆಯ ಮುಂಭಾಗದ ಬಿಳಿ ಪಟ್ಟಿ ಅವರ ಗುರುತೇ ಆಗಿತ್ತು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ ಅವರು 2019ರಿಂದ ಸತತವಾಗಿ ಮುಂಗಡಪತ್ರಗಳನ್ನು ಮಂಡಿಸಿದ್ದು ನರೆ ಕಾಣುವ ಕೂದಲಿನೊಂದಿಗೇ. ಬಣ್ಣ ಬಿಟ್ಟವರು ಅಂಗಡಿಯ ಪಾಲಿಗೆ ನಷ್ಟವೆಂದು ಭಾವಿಸಬೇಕಾಗಿಲ್ಲ. ಬಿಳಿಯ ಕೂದಲು ಅನೇಕರಲ್ಲಿ ಒರಟಾಗಿ, ಒಣಗಿದಂತಿರುತ್ತದೆ, ಹಳದಿಗೂ ತಿರುಗುತ್ತದೆ. ಸೌಮ್ಯ ಶಾಂಪೂ, ಕಂಡೀಷನರ್, ಎಣ್ಣೆ, ಹಳದಿಯನ್ನು ಮರೆಸುವ ನೇರಳೆ ಛಾಯೆಯ ಶಾಂಪೂ ಇವುಗಳಿಗೆ ಅವರೇ ಗ್ರಾಹಕಿಯರು.

ಕಪ್ಪು ಮೆಹಂದಿಯ ಅಪಾಯ

ಈ ವ್ಯಾಪಾರದ ಅತ್ಯಂತ ಗಂಭೀರ ಸಮಸ್ಯೆ ‘ಕಪ್ಪು ಮೆಹಂದಿ’ ಎಂಬ ಹೆಸರಿನದು. ಶುದ್ಧ ಮದರಂಗಿ ಎಂದಿಗೂ ಕಪ್ಪು ಬಣ್ಣ ಕೊಡದು. ಮೆಹಂದಿಯೆಂದು ಮಾರಾಟವಾಗುವ ಪುಡಿ ಅರ್ಧ ಗಂಟೆಯಲ್ಲಿ ಕೂದಲನ್ನು ಕಡುಗಪ್ಪಾಗಿಸಿದರೆ, ಅದರಲ್ಲಿ ಪಿಪಿಡಿ ಅಥವಾ ಅದರಂಥ ರಾಸಾಯನಿಕ ಬೆರೆತಿದೆಯೆಂದೇ ತಿಳಿಯಬೇಕು.

ಪಿಪಿಡಿ ಅನೇಕರಿಗೆ ಯಾವ ತೊಂದರೆಯನ್ನೂ ಮಾಡದು. ಆದರೆ ಕೆಲವರಿಗೆ ಅಲರ್ಜಿ ಉಂಟಾಗಿ ತಲೆಯ ಚರ್ಮದಲ್ಲಿ ಉರಿ, ಗುಳ್ಳೆ, ಕಣ್ಣು ಹಾಗೂ ಮುಖದ ಊತ ಕಾಣಿಸಿಕೊಳ್ಳುತ್ತದೆ. ವರ್ಷಗಟ್ಟಲೆ ನಿರಾತಂಕವಾಗಿ ಬಳಸಿದವರಿಗೂ ಒಂದು ದಿನ ಇದು ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಅಮೆರಿಕದ ಸ್ಪರ್ಶಜನ್ಯ ಚರ್ಮರೋಗ ತಜ್ಞರ ಸಂಘವು 2006ರಲ್ಲಿ ಪಿಪಿಡಿಯನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು.

ಹೀಗೆ ತೊಂದರೆಗೊಳಗಾದ ಮಹಿಳೆ ಡೈ ಬಿಟ್ಟು, ಮೆಹಂದಿಯಾದರೆ ಸುರಕ್ಷಿತವೆಂದು ಅಂಗಡಿಗೆ ಬರುತ್ತಾರೆ. ‘ಇದು ಗಿಡಮೂಲಿಕೆಯದು, ಏನೂ ಆಗುವುದಿಲ್ಲ ಅಮ್ಮ’ ಎಂದು ವರ್ತಕರು ಕಪ್ಪು ಮೆಹಂದಿಯನ್ನು ಕೊಡುತ್ತಾರೆ. ಯಾರಿಗೆ ಪಿಪಿಡಿ ಸರ್ವಥಾ ಕೂಡದೋ ಅವರ ಕೈಗೇ ಅದು ಬೇರೆ ಹೆಸರಿನಲ್ಲಿ ಸೇರುತ್ತದೆ. ‘ಅಮೋನಿಯಾರಹಿತ’ ಎಂಬ ಬರಹವನ್ನೂ ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. ಅಮೋನಿಯಾ ಇಲ್ಲವೆಂದ ಮಾತ್ರಕ್ಕೆ ಪಿಪಿಡಿ ಇಲ್ಲವೆಂದು ಅರ್ಥವಲ್ಲ.

ಕಾನೂನು ಹೇಳುವುದೇನು?

ಪಿಪಿಡಿ ಮುಂತಾದ ಬಣ್ಣಗಳಿರುವ ಹೇರ್ ಡೈ ಮೇಲೆ ಎಚ್ಚರಿಕೆಯ ಬರಹ ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ, ಒಳ ಹಾಗೂ ಹೊರ ಲೇಬಲ್‌ಗಳೆರಡರಲ್ಲಿಯೂ ಇರಬೇಕೆಂದು ನಿಯಮವಿದೆ. ಹುಬ್ಬು ಮತ್ತು ರೆಪ್ಪೆಗಳಿಗೆ ಹಚ್ಚಬಾರದು, ಹಚ್ಚಿದರೆ ದೃಷ್ಟಿಗೇ ಅಪಾಯ ಎಂಬ ಸೂಚನೆಯೂ ಅದರಲ್ಲಿ ಸೇರಿದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 24 ಗಂಟೆ ಕಾದು ಪರೀಕ್ಷಿಸುವ ವಿಧಾನವನ್ನು ಪೊಟ್ಟಣದೊಳಗೆ ಒದಗಿಸಬೇಕು. ಈ ಪರೀಕ್ಷೆಯನ್ನು ಪ್ರತಿ ಬಾರಿಯೂ ಮಾಡಬೇಕು.

ಸೌಂದರ್ಯವರ್ಧಕಗಳ ಚಿಲ್ಲರೆ ಮಾರಾಟಕ್ಕೆ ಪ್ರತ್ಯೇಕ ಔಷಧ ಪರವಾನಗಿ ಬೇಕಿಲ್ಲವಾದರೂ ವರ್ತಕರಿಗೆ ಹೊಣೆ ತಪ್ಪಿದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 86ನೆಯ ಪ್ರಕರಣದಂತೆ, ತಯಾರಕರ ಎಚ್ಚರಿಕೆಯನ್ನು ಗ್ರಾಹಕರಿಗೆ ತಲುಪಿಸದಿದ್ದರೆ, ತಯಾರಕರು ಯಾರೆಂದೇ ತಿಳಿಯದ ಸರಕನ್ನು ಮಾರಿದರೆ, ಅಥವಾ ತಯಾರಕರು ಕೊಡದ ಭರವಸೆಯನ್ನು ತಾವೇ ಕೊಟ್ಟು ಅದು ಸುಳ್ಳಾದರೆ, ಹಾನಿಗೆ ಮಾರಾಟಗಾರರೂ ಹೊಣೆಗಾರರಾಗಬಹುದು. ಡಬ್ಬಿಯಿಂದ ಪಾಕೀಟನ್ನು ಬಿಡಿಯಾಗಿ ತೆಗೆದು ಮಾರಿ, ಸೂಚನಾಪತ್ರವನ್ನು ಡಬ್ಬಿಯಲ್ಲಿಯೇ ಬಿಡುವ ರೂಢಿ ಈ ದೃಷ್ಟಿಯಿಂದ ಅಪಾಯಕಾರಿ. ‘ಏನೂ ಆಗುವುದಿಲ್ಲ’ ಎಂಬ ಬಾಯಿಮಾತೂ ಭರವಸೆಯೆಂದು ಪರಿಗಣಿತವಾಗುವ ಸಾಧ್ಯತೆಯಿದೆ.

ತೆರಿಗೆಯ ಅಂಶವೂ ಉಲ್ಲೇಖಾರ್ಹ. ಬೇರೇನನ್ನೂ ಬೆರೆಸದ ಮದರಂಗಿ ಪುಡಿಗೆ ಜಿಎಸ್‌ಟಿ ಶೇ. 5, ಹೇರ್ ಡೈಗೆ ಶೇ. 18. ರಾಸಾಯನಿಕ ಬೆರೆಸಿದ ಪುಡಿಯನ್ನು ಮದರಂಗಿ ಎಂದು ಬಿಲ್ ಮಾಡಿದರೆ ಗ್ರಾಹಕಿಯ ಆರೋಗ್ಯದೊಂದಿಗೆ ತೆರಿಗೆಯ ವರ್ಗೀಕರಣವೂ ತಪ್ಪುತ್ತದೆ. ವ್ಯತ್ಯಾಸದ ತೆರಿಗೆ, ಬಡ್ಡಿ ಮತ್ತು ದಂಡದ ಪ್ರಶ್ನೆ ಏಳುತ್ತದೆ.

ಪಾಲಿಸಬೇಕಾದ ಕ್ರಮಗಳು

1. ಪರವಾನಗಿ ಸಂಖ್ಯೆ, ತಯಾರಕರ ಹೆಸರು, ವಿಳಾಸ ಮತ್ತು ಬ್ಯಾಚ್ ಸಂಖ್ಯೆ ಇಲ್ಲದ ಸರಕನ್ನು ಖರೀದಿಸಬಾರದು. ಖರೀದಿ ಬಿಲ್‌ಗಳನ್ನು ಜೋಪಾನವಾಗಿಡಬೇಕು. ಪರವಾನಗಿ ಪಡೆದವರಿಂದ ಸದ್ಭಾವನೆಯಿಂದ, ಸೂಕ್ತ ಎಚ್ಚರದೊಂದಿಗೆ ಖರೀದಿಸಿದ್ದೆಂದು ತೋರಿಸಲು ಅವೇ ಆಧಾರ.

2. ಪಾಕೀಟಿನ ಮೇಲಿನ ಘಟಕಗಳ ಪಟ್ಟಿಯನ್ನು ಅಂಗಡಿಯವರು ಒಮ್ಮೆ ಓದಿರಬೇಕು. ಪಿಪಿಡಿ ಇರುವ ಮತ್ತು ಇಲ್ಲದ ಸರಕುಗಳನ್ನು ಬೇರೆ ಬೇರೆಯಾಗಿ ಇಡುವುದು ಒಳಿತು.

3. ಬಿಡಿ ಪಾಕೀಟಿನೊಂದಿಗೂ ಕನ್ನಡದ ಸೂಚನಾಪತ್ರವನ್ನು ಕೊಡಬೇಕು.

4. ಕಂದು ಛಾಯೆಗಳನ್ನು ಸಣ್ಣ ಪ್ರಮಾಣದಲ್ಲಿ ತರಿಸಿ ಬೇಡಿಕೆ ಅರಿಯಬೇಕು. ಅವಧಿ ಮೀರಿದ ದಾಸ್ತಾನನ್ನು ವರ್ಷಾಂತ್ಯದಲ್ಲಿ ಖರೀದಿ ಬೆಲೆಗೆ ತೋರಿಸುವುದು ಸರಿಯಲ್ಲ, ಅದನ್ನು ಲೆಕ್ಕದಿಂದ ವಜಾ ಮಾಡಿ ನಾಶಪಡಿಸಬೇಕು.

5. ಪಾರ್ಲರ್ ನಡೆಸುವವರು ಗ್ರಾಹಕಿಯರು ಬಳಸಿದ ಬಣ್ಣ ಮತ್ತು ಪರೀಕ್ಷೆಯ ವಿವರವನ್ನು ಬರೆದಿಡಬೇಕು. ಸಿಬ್ಬಂದಿಗೆ ಕೈಗವಸು, ಗಾಳಿಯಾಡುವ ಕೋಣೆ ಅವಶ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕೇಶವಿನ್ಯಾಸಕರ ವೃತ್ತಿಯನ್ನು ಕ್ಯಾನ್ಸರ್ ಕಾರಕವಾಗುವ ಸಂಭವವುಳ್ಳದ್ದೆಂದು ವರ್ಗೀಕರಿಸಿದೆ. ಸ್ವಂತಕ್ಕೆ ಬಣ್ಣ ಹಚ್ಚಿಕೊಳ್ಳುವವರ ವಿಷಯದಲ್ಲಿ ಅಂಥ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅದೇ ಅಂಗ ಹೇಳಿದೆ.

6. ಸಣ್ಣ ತಯಾರಕರು 2020ರ ಸೌಂದರ್ಯವರ್ಧಕ ನಿಯಮಗಳಂತೆ ಪರವಾನಗಿ ಪಡೆಯಬೇಕು. ಸ್ವಂತ ಘಟಕವಿಲ್ಲದವರು ಬೇರೊಬ್ಬ ಪರವಾನಗಿದಾರರ ಘಟಕದಲ್ಲಿ ತಯಾರಿಸಲು ‘ಲೋನ್ ಲೈಸೆನ್ಸ್’ ಸೌಲಭ್ಯವಿದೆ. ‘ಶೇ. 100 ಗಿಡಮೂಲಿಕೆ’ ಮುಂತಾದ ಘೋಷಣೆಗಳನ್ನು ಸಾಬೀತುಪಡಿಸುವ ಹೊಣೆ ಅವರದೇ. ತಪ್ಪು ಜಾಹೀರಾತುಗಳ ತಡೆಗೆ 2022ರಲ್ಲಿ ಮಾರ್ಗಸೂಚಿಗಳು ಜಾರಿಗೆ ಬಂದಿವೆ.

ಕಪ್ಪೋ, ಕಂದೋ, ಮದರಂಗಿಯ ಕೆಂಪೋ, ಬೆಳ್ಳಿಯ ಬಿಳಿಯೋ, ಆಯ್ಕೆ ಗ್ರಾಹಕಿಯದು. ಅದನ್ನು ಆಕೆ ವಯಸ್ಸಿಗೆ, ಆರೋಗ್ಯಕ್ಕೆ, ಬಿಡುವಿಗೆ, ಹಣಕ್ಕೆ ತಕ್ಕಂತೆ ಹತ್ತಾರು ಬಾರಿ ಬದಲಿಸಬಹುದು. ಪಾಕೀಟಿನ ಮೇಲೆ ಬರೆದದ್ದೇ ಒಳಗಿದೆಯೆಂಬ ಖಾತರಿಯನ್ನು ಮಾತ್ರ ಆಕೆ ಪ್ರತಿ ಬಾರಿಯೂ ಅಂಗಡಿಯಿಂದಲೇ ಪಡೆಯಬೇಕಾಗುತ್ತದೆ. ಅದು ದೊರೆತ ಅಂಗಡಿಗೆ ಆಕೆ 241ನೆಯ ಬಾರಿ ಡೈ ಕೊಳ್ಳದಿದ್ದರೂ ಎಣ್ಣೆ ಕೊಳ್ಳಲು ಬಂದೇ ಬರುತ್ತಾರೆ.