ಗೇರ್ ಬದಲಾಯಿತು, ಪೆಡಲ್ ಬದಲಾಗಲಿಲ್ಲ

ಪ್ರಶ್ನೆ: ಸ್ಮಾರ್ಟ್ ಟ್ರೇನರ್‌ನಲ್ಲಿ ವರ್ಚುವಲ್ ಗೇರ್ ಒತ್ತಿದರೆ ಪರದೆಯಲ್ಲಿ ಅಂಕಿ ಬದಲಾಗುತ್ತದೆ, ಪೆಡಲ್ ಮಾತ್ರ ಬಿಗಿಯಾಗುವುದಿಲ್ಲ. ಏಕೆ?

ಉತ್ತರ: ಮೊದಲು ಅರ್ಗ್ ಮೋಡ್ ಆನ್ ಆಗಿದೆಯೇ ನೋಡಿ. ಅದರಲ್ಲಿ ಟ್ರೇನರ್ ನಿಗದಿತ ವ್ಯಾಟ್‌ಗೆ ಅಂಟಿಕೊಂಡಿರುತ್ತದೆ. ನೀವು ಯಾವ ಗೇರ್ ಒತ್ತಿದರೂ ಅದಕ್ಕೆ ಲೆಕ್ಕವಿಲ್ಲ. ಇನ್ನೊಂದು ಆ್ಯಪ್ ಅಥವಾ ಸೈಕಲ್ ಕಂಪ್ಯೂಟರ್ ಬ್ಲೂಟೂತ್ ಮೂಲಕ ಟ್ರೇನರ್‌ನ ಹತೋಟಿ ಹಿಡಿದಿದ್ದರೂ ಹೀಗಾಗಬಹುದು. ಅದನ್ನು ಬಿಡಿಸಿ, ಟ್ರೇನರ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಿ.

ಕುತೂಹಲದ ಸಂಗತಿ ಬೇರೆಯೇ ಇದೆ. ವರ್ಚುವಲ್ ಗೇರ್‌ನಲ್ಲಿ ಚೈನ್ ಜರುಗುವುದೇ ಇಲ್ಲ. ವರ್ಚುವಲ್ ಗೇರ್‌ಗಾಗಿ ಟ್ರೇನರ್‌ಗೆ ಕೂರಿಸುವ ಜ್ವಿಫ್ಟ್ ಕಾಗ್‌ನಲ್ಲಿರುವುದು 14 ಹಲ್ಲಿನ ಒಂದೇ ಚಕ್ರ. ಜ್ವಿಫ್ಟ್‌ನ 24 ಗೇರ್‌ಗಳೂ ಸಾಫ್ಟ್‌ವೇರ್‌ನ ಲೆಕ್ಕಾಚಾರ. ಲೆಕ್ಕವನ್ನು ಕಾಲಿಗೆ ಮುಟ್ಟಿಸುವುದು ಟ್ರೇನರ್‌ನೊಳಗಿನ ವಿದ್ಯುತ್ಕಾಂತೀಯ ಬ್ರೇಕ್. ಫ್ಲೈವೀಲ್ ನಿಧಾನವಾಗಿ ತಿರುಗಿದರೆ ಈ ಬ್ರೇಕ್‌ನ ಹಿಡಿತ ಸಡಿಲ. ಆದ್ದರಿಂದ ಮುಂದಿನ ಚಿಕ್ಕ ಚೈನ್‌ರಿಂಗ್‌ನಲ್ಲಿ ಕಡಿದಾದ ಏರು ಹತ್ತುವಾಗ ಪೆಡಲ್ ಸುಮ್ಮನೆ ಜಾರಬಹುದು. ದೊಡ್ಡದಕ್ಕೆ ಹಾಕಿದರೆ ಫ್ಲೈವೀಲ್ ವೇಗ ಹೆಚ್ಚಿ ಹಿಡಿತ ಬರುತ್ತದೆ. ತೀರ ಹಗುರ ಗೇರ್ ಕೂಡ ಭಾರವೆನಿಸಿದರೆ ಇದರ ತದ್ವಿರುದ್ಧ ಮಾಡಿ. ಚೈನ್ ಯಾವ ಚೈನ್‌ರಿಂಗ್‌ನಲ್ಲಿದ್ದರೇನು ಎನ್ನುವವರ ಮಾತನ್ನು ನಾನಂತೂ ಪೂರ್ತಿ ಒಪ್ಪುವುದಿಲ್ಲ.