ಜಗಲಿಯ ಕೂಟದಿಂದ ಊರಿನ ಆಸರೆಗೆ: ಕಾಸರಗೋಡಿನ ಕುಟುಂಬಶ್ರೀ

ಕಾಸರಗೋಡು ಜಿಲ್ಲೆಯ ಯಾವ ಊರಿಗೆ ಹೋದರೂ ವಾರಕ್ಕೊಮ್ಮೆ ಅಕ್ಕಪಕ್ಕದ ಹತ್ತಿಪ್ಪತ್ತು ಮನೆಗಳ ಹೆಂಗಸರು ಯಾರದಾದರೊಂದು ಮನೆಯ ಜಗಲಿಯಲ್ಲಿ ಸೇರುವುದು ರೂಢಿ. ಮಲಯಾಳದಲ್ಲಿ ಇದನ್ನು ಅಯಲ್‌ಕೂಟ ಎನ್ನುತ್ತಾರೆ, ಕನ್ನಡದಲ್ಲಿ ನೆರೆಕರೆ ಕೂಟ. ಕೇರಳದ ಕುಟುಂಬಶ್ರೀ ಎಂಬ ಬೃಹತ್ ಮಹಿಳಾ ಸಂಘಟನೆಯ ಬುಡ ಇರುವುದು ಈ ಕೂಟದಲ್ಲಿ. ಉಳಿತಾಯ ಮತ್ತು ಸಾಲದ ವ್ಯವಹಾರಕ್ಕಾಗಿ ಹುಟ್ಟಿದ ಇದು ಇಂದು ಹಸಿದವರಿಗೆ ಊಟ ಕೊಡುವುದರಿಂದ ಹಿಡಿದು ಮನೆಮನೆಯ ಪ್ಲಾಸ್ಟಿಕ್ ಸಂಗ್ರಹಿಸುವವರೆಗೆ ಊರಿನ ಅನೇಕ ಕೆಲಸಗಳಿಗೆ ಹೆಗಲು ಕೊಡುತ್ತಿದೆ.

ಕುಟುಂಬಶ್ರೀಗಿಂತ ಮೊದಲೂ ಮಹಿಳಾ ಸಂಘಗಳಿದ್ದವು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಕಾಲದ ಮಹಿಳಾ ಮಂಡಲಗಳು ಹೊಲಿಗೆ, ಶಿಶುವಿಹಾರ, ಭಜನೆ, ಹಬ್ಬದ ಆಚರಣೆಗಳಿಗೆ ಹೆಸರಾಗಿದ್ದವು. ಬಡತನವನ್ನೇ ಗುರಿಯಾಗಿಟ್ಟ ಹೊಸ ಮಾದರಿ ರೂಪುಗೊಂಡದ್ದು 1990ರ ದಶಕದಲ್ಲಿ. ಯುನಿಸೆಫ್ ನೆರವಿನಿಂದ ಆಲಪ್ಪುಳ ಪಟ್ಟಣದಲ್ಲಿ, ಆಮೇಲೆ ಮಲಪ್ಪುರಂ ಜಿಲ್ಲೆಯಲ್ಲಿ ಬಡ ಕುಟುಂಬಗಳ ಮಹಿಳೆಯರನ್ನು ನೆರೆಕರೆಯ ಮಟ್ಟದಲ್ಲಿ ಸಂಘಟಿಸುವ ಪ್ರಯೋಗ ನಡೆಯಿತು. ಆ ಅನುಭವದ ಮೇಲೆ ಕೇರಳ ಸರಕಾರ ಕುಟುಂಬಶ್ರೀಯನ್ನು ಕಟ್ಟಿತು. 1998ರ ಮೇ 17ರಂದು ಮಲಪ್ಪುರಂನಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅದನ್ನು ಉದ್ಘಾಟಿಸಿದರು.

ಆರಂಭದಲ್ಲಿ ಸದಸ್ಯತ್ವ ಬಡ ಮನೆಗಳಿಗೆ ಮಾತ್ರ ಇತ್ತು. ಬಡತನ ಅಳೆಯಲು ಆದಾಯದ ಲೆಕ್ಕವನ್ನು ನೆಚ್ಚಿಕೊಳ್ಳದೆ, ಕಣ್ಣಿಗೆ ಕಾಣುವ 9 ಕೊರತೆಗಳ ಪಟ್ಟಿ ಮಾಡಲಾಯಿತು. ಗಟ್ಟಿ ಮನೆ ಇಲ್ಲದಿರುವುದು, ಕುಡಿಯುವ ನೀರು ಅಥವಾ ಶೌಚಾಲಯ ಇಲ್ಲದಿರುವುದು, ಎರಡು ಹೊತ್ತು ಊಟಕ್ಕೆ ತತ್ವಾರ, ದುಡಿಯುವ ಕೈ ಒಂದೇ ಇರುವುದು, ಮನೆಯಲ್ಲಿ ಕುಡುಕರಿರುವುದು ಇವೆಲ್ಲ ಆ ಪಟ್ಟಿಯಲ್ಲಿದ್ದವು. ಇಂಥ 4 ಕೊರತೆಗಳಿದ್ದರೆ ಆ ಮನೆ ಬಡವರ ಮನೆ. ಯಾರ ಮಾಡು ಸೋರುತ್ತದೆ, ಯಾರ ಒಲೆ ಉರಿಯುವುದಿಲ್ಲ ಎಂಬುದು ನೆರೆಮನೆಯವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಆದ್ದರಿಂದ ಪಟ್ಟಿ ತುಂಬಲು ಹೊರಗಿನ ಅಧಿಕಾರಿಗಿಂತ ನೆರೆಕರೆಯ ಹೆಂಗಸರೇ ತಕ್ಕವರಾದರು. ಮುಂದೆ ಸದಸ್ಯತ್ವ ಎಲ್ಲ ಮನೆಗಳಿಗೂ ತೆರೆದುಕೊಂಡಿತು. ಈಗ ರಾಜ್ಯದಾದ್ಯಂತ 40 ಲಕ್ಷಕ್ಕೂ ಹೆಚ್ಚು ಸದಸ್ಯೆಯರಿದ್ದಾರೆ.

ಸಂಘಟನೆಗೆ ಮೂರು ಹಂತ. ತಳದಲ್ಲಿ 10ರಿಂದ 20 ಮಂದಿಯ ನೆರೆಕರೆ ಕೂಟ, ವಾರ್ಡ್ ಮಟ್ಟದಲ್ಲಿ ಎಡಿಎಸ್ (ಏರಿಯಾ ಡೆವಲಪ್‌ಮೆಂಟ್ ಸೊಸೈಟಿ), ಪಂಚಾಯತು ಅಥವಾ ನಗರಸಭೆಯ ಮಟ್ಟದಲ್ಲಿ ಸಿಡಿಎಸ್ (ಕಮ್ಯುನಿಟಿ ಡೆವಲಪ್‌ಮೆಂಟ್ ಸೊಸೈಟಿ). ಮೇಲಿನ ಹಂತಗಳ ಪದಾಧಿಕಾರಿಗಳು ಚುನಾವಣೆಯಿಂದ ಬರುತ್ತಾರೆ. ಕಾಸರಗೋಡು ಜಿಲ್ಲೆಯ 38 ಗ್ರಾಮ ಪಂಚಾಯತುಗಳು, ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳು ಎಲ್ಲವೂ ಈ ಜಾಲದೊಳಗಿವೆ.

ಕೂಟದ ಸಭೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಬಹಳ ಕಡೆ ರಜಾದಿನದಲ್ಲಿ. ಹಾಜರಿ ಆದ ಮೇಲೆ ಪ್ರತಿಯೊಬ್ಬರೂ ತಮ್ಮ ಪಾಸ್‌ಬುಕ್ಕಿನೊಂದಿಗೆ ವಾರದ ಉಳಿತಾಯವನ್ನು ಮುಂದಿಡುತ್ತಾರೆ. ಕಾರ್ಯದರ್ಶಿ ಹಣ ಎಣಿಸಿ ಪುಸ್ತಕಕ್ಕೆ ಏರಿಸುತ್ತಾರೆ. ಕೂಡಿದ ಮೊತ್ತದಿಂದಲೇ ಒಬ್ಬರಿಗೆ ಮಗುವಿನ ಶಾಲಾ ಖರ್ಚಿಗೆ, ಇನ್ನೊಬ್ಬರಿಗೆ ಮಂಗಳೂರಿನ ಆಸ್ಪತ್ರೆಯ ಬಿಲ್ಲಿಗೆ ಸಣ್ಣ ಬಡ್ಡಿಯ ಸಾಲ ಸಿಗುತ್ತದೆ. ಅಧ್ಯಕ್ಷೆ, ಕಾರ್ಯದರ್ಶಿಯ ಜೊತೆಗೆ ಆರೋಗ್ಯ ಮತ್ತು ಶಿಕ್ಷಣ, ಆದಾಯ, ಮೂಲಸೌಕರ್ಯ ಎಂದು ಒಂದೊಂದು ಹೊಣೆ ಹೊತ್ತ ಮೂವರು ಸ್ವಯಂಸೇವಕಿಯರಿರುತ್ತಾರೆ. ಲೆಕ್ಕ ಮುಗಿದ ಮೇಲೆ ಊರಿನ ಸುದ್ದಿ: ಯಾರ ಮನೆಯಲ್ಲಿ ಜ್ವರ, ಯಾವ ವೃದ್ಧೆಯ ಪಿಂಚಣಿ ಬಂದಿಲ್ಲ, ಯಾವ ಮಗು ಶಾಲೆ ಬಿಟ್ಟಿದೆ. ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆಯಂಥ ಉತ್ತರದ ಪಂಚಾಯತುಗಳಲ್ಲಿ ಈ ಮಾತುಕತೆಗೆ ತುಳು, ಕನ್ನಡ, ಬ್ಯಾರಿ, ಮಲಯಾಳ ಎಲ್ಲವೂ ಸೇರುತ್ತವೆ. ಸೇವಾಕಾರ್ಯಗಳ ಬೇರು ಇರುವುದು ಸಭೆಯ ಈ ಎರಡನೆಯ ಭಾಗದಲ್ಲಿ.

ದಿಕ್ಕಿಲ್ಲದವರ ಆರೈಕೆ ಈ ಸೇವೆಗಳಲ್ಲಿ ಮೊದಲನೆಯದು. ಸಾಲ ಪಡೆದು ತೀರಿಸುವ ಶಕ್ತಿಯೂ ಇಲ್ಲದ ಒಂಟಿ ವೃದ್ಧರು, ದೀರ್ಘಕಾಲದ ರೋಗಿಗಳು, ಮನೆಮಠ ಇಲ್ಲದವರು ಉಳಿತಾಯ ಕೂಟದಿಂದ ಹೊರಗೇ ಉಳಿಯುತ್ತಿದ್ದರು. ಅವರಿಗಾಗಿ 2002ರ ಸುಮಾರಿಗೆ ‘ಆಶ್ರಯ’ ಯೋಜನೆ ಬಂತು. ಕೂಟಗಳು ಇಂಥ ಮನೆಗಳನ್ನು ಗುರುತಿಸುತ್ತವೆ, ಪಂಚಾಯತು ಮತ್ತು ಕುಟುಂಬಶ್ರೀ ಸೇರಿ ಆಹಾರ, ಔಷಧಿ, ವಸತಿ, ಪಿಂಚಣಿಗೆ ದಾರಿ ಮಾಡುತ್ತವೆ. 2021ರಲ್ಲಿ ರಾಜ್ಯ ಸರಕಾರ ಅತಿದರಿದ್ರ ಕುಟುಂಬಗಳ ಸಮೀಕ್ಷೆಗೆ ಇಳಿದಾಗಲೂ ಈ ಜಾಲದ ಕಾರ್ಯಕರ್ತೆಯರು ಅದರಲ್ಲಿ ಕೈಜೋಡಿಸಿದರು. ಆ ಸಮೀಕ್ಷೆ ರಾಜ್ಯದಲ್ಲಿ 64,006 ಕುಟುಂಬಗಳನ್ನು ಗುರುತಿಸಿತು.

ಕಾಸರಗೋಡಿನ ಮಟ್ಟಿಗೆ ಅತ್ಯಂತ ಭಾರವಾದ ಹೊಣೆ ಎಂಡೋಸಲ್ಫಾನ್ ಬಾಧಿತರದು. ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಈ ಕೀಟನಾಶಕದ ನೆರಳು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ಪುಲ್ಲೂರು ಪೆರಿಯ ಮುಂತಾದ ಪಂಚಾಯತುಗಳ ಮೇಲೆ ಈಗಲೂ ಇದೆ. ಬುದ್ಧಿ ಬೆಳವಣಿಗೆ ಕುಂಠಿತವಾದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿರುವ ಮನೆಗಳಲ್ಲಿ ತಾಯಿಗೆ ಕೂಲಿಗೆ ಹೋಗಲೂ ಬಿಡುವಿಲ್ಲ. ಪಂಚಾಯತು ಮತ್ತು ಕುಟುಂಬಶ್ರೀ ಜೊತೆಯಾಗಿ ನಡೆಸುವ ಬಡ್ಸ್ ಶಾಲೆಗಳು ಇಂಥ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತವೆ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಲ್ಲಿ ಶುರುವಾದ ಈ ಮಾದರಿ ಕಾಸರಗೋಡಿಗೆ ಬಂದಾಗ ಅದರ ಅಗತ್ಯ ಬೇರೆಲ್ಲಿಗಿಂತ ಹೆಚ್ಚಾಗಿತ್ತು. ಈ ಶಾಲೆಗಳಲ್ಲಿ ವಾಹನದ ವ್ಯವಸ್ಥೆ, ಊಟ, ಫಿಸಿಯೋಥೆರಪಿ, ಹಾಡು ಮತ್ತು ಆಟದ ಜೊತೆಗೆ ದೊಡ್ಡ ಮಕ್ಕಳಿಗೆ ಕೈಕಸುಬಿನ ತರಬೇತಿ ಇರುತ್ತದೆ. ಮಗು ಶಾಲೆಯಲ್ಲಿ ಕಳೆಯುವ ಆರು ತಾಸು ತಾಯಿಗೆ ದುಡಿಮೆಯ ಹೊತ್ತೂ ಹೌದು, ಒಂದಿಷ್ಟು ಉಸಿರಾಡುವ ಹೊತ್ತೂ ಹೌದು.

ಜಿಲ್ಲೆಯ ಉತ್ತರ ಭಾಗದಲ್ಲಿ ನೆಲೆಸಿರುವ ಕೊರಗರು ಬುಟ್ಟಿ ಹೆಣೆಯುವ ಕುಲಕಸುಬಿನವರು, ಸರಕಾರದ ಪಟ್ಟಿಯಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟು. ಅವರಿಗಾಗಿ ಕುಟುಂಬಶ್ರೀಗೆ ಪ್ರತ್ಯೇಕ ಯೋಜನೆಯಿದೆ. ಸಮುದಾಯದೊಳಗಿನ ಯುವತಿಯರನ್ನೇ ಕಾರ್ಯಕರ್ತೆಯರನ್ನಾಗಿ ನೇಮಿಸಿ ಕೂಟ ಕಟ್ಟುವುದು, ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸ.

ಸಂಘಟನೆಯ ಕಸುವು ಎದ್ದು ಕಂಡದ್ದು ಆಪತ್ತಿನ ದಿನಗಳಲ್ಲಿ. 2018ರ ಮಹಾಪ್ರಳಯದ ಸಮಯದಲ್ಲಿ ರಾಜ್ಯದ ಕೂಟಗಳು ತಮ್ಮ ಒಂದು ವಾರದ ಉಳಿತಾಯವನ್ನು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟವು. ಪುಡಿಗಾಸಿನಿಂದ ಕೂಡಿದ ಆ ಮೊತ್ತ 7 ಕೋಟಿ ರೂಪಾಯಿ ಮುಟ್ಟಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಹಬ್ಬಿದಾಗ ಕೇರಳದಲ್ಲಿ ಹೆಚ್ಚು ರೋಗಿಗಳಿದ್ದ ಜಿಲ್ಲೆ ಕಾಸರಗೋಡು. ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳ ದಾರಿಯೂ ಕಡಿದಿತ್ತು. ಆಗ ಪಂಚಾಯತುಗಳು ತೆರೆದ ಸಮುದಾಯ ಅಡುಗೆಮನೆಗಳಲ್ಲಿ ಸೌಟು ಹಿಡಿದವರು, ಬಟ್ಟೆಯ ಮಾಸ್ಕ್ ಹೊಲಿದವರು ಈ ಮಹಿಳೆಯರು. ಅದರ ಬೆನ್ನಿಗೇ ಬಂದ ಜನಕೀಯ ಹೋಟೆಲುಗಳಲ್ಲಿ ಅನ್ನ, ಸಾರು, ಪಲ್ಯ, ಉಪ್ಪಿನಕಾಯಿಯ ಊಟ 20 ರೂಪಾಯಿಗೆ ಸಿಗುತ್ತಿತ್ತು. 2023ರಲ್ಲಿ ಸರಕಾರದ ಸಬ್ಸಿಡಿ ನಿಂತ ಮೇಲೆ ಬೆಲೆ 30 ರೂಪಾಯಿಗೆ ಏರಿತು.

ಸದ್ಯ ಜನ ಹೆಚ್ಚು ಕಾಣುವುದು ಹರಿತ ಕರ್ಮ ಸೇನೆಯನ್ನು. ಹಸಿರು ಬಣ್ಣದ ಮೇಲಂಗಿ ತೊಟ್ಟು ತಿಂಗಳಿಗೊಮ್ಮೆ ಮನೆಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುವ ಈ ತಂಡದವರು ಕುಟುಂಬಶ್ರೀ ಸದಸ್ಯೆಯರು. ಮನೆಯವರು ಕೊಡುವ ಶುಲ್ಕ ಅವರ ಆದಾಯ. ಮನೆಯೊಳಗಿನ ಹಿಂಸೆಗೆ ಸಿಲುಕಿದವರಿಗೆ ‘ಸ್ನೇಹಿತಾ’ ಕೇಂದ್ರ ಹಗಲಿರುಳು ಸಲಹೆ ಮತ್ತು ತಾತ್ಕಾಲಿಕ ಆಸರೆ ನೀಡುತ್ತದೆ. ಹಡಿಲು ಬಿದ್ದ ಗದ್ದೆಗಳಿಗೆ ಮಳೆಗಾಲದಲ್ಲಿ ಇಳಿದು ನೇಜಿ ನೆಡುವ ‘ಮಳಪ್ಪೊಲಿಮ’ ಈ ಜಿಲ್ಲೆಯ ಕುಟುಂಬಶ್ರೀಯ ಹಬ್ಬವೇ ಆಗಿದೆ.

ಕುಂದುಕೊರತೆಗಳೂ ಇವೆ. ಸರಕಾರದ ಪ್ರತಿ ಹೊಸ ಸಮೀಕ್ಷೆ, ಪ್ರತಿ ಅಭಿಯಾನ ಕೊನೆಗೆ ಬಂದು ಬೀಳುವುದು ಸಂಬಳವಿಲ್ಲದ ಕಾರ್ಯಕರ್ತೆಯರ ಮೇಲೆ. ಮನೆಗೆಲಸ, ಕೂಲಿ ಕೆಲಸದ ಮೇಲೆ ಇದು ಮೂರನೆಯ ಹೊರೆ. ಸಿಡಿಎಸ್ ಚುನಾವಣೆಗಳಲ್ಲಿ ರಾಜಕೀಯ ಪಕ್ಷಗಳು ಕೈಯಾಡಿಸುತ್ತವೆ ಎಂಬ ದೂರು ಹಳೆಯದು. ಸುತ್ತೋಲೆಗಳು ಮಲಯಾಳದಲ್ಲೇ ಬಂದರೆ ಕನ್ನಡ ಮಾತ್ರ ಓದಬಲ್ಲ ಸದಸ್ಯೆಯರು ಇನ್ನೊಬ್ಬರನ್ನು ಅವಲಂಬಿಸಬೇಕಾಗುತ್ತದೆ.

ಒಂದು ಮನೆಗೆ ಒಬ್ಬಳೇ ಸದಸ್ಯೆ ಎಂಬ ನಿಯಮದಿಂದ ಸೊಸೆ, ಮಗಳು ಹೊರಗುಳಿಯುತ್ತಿದ್ದರು. ಅದಕ್ಕೆ ಪರಿಹಾರವಾಗಿ 2021ರಲ್ಲಿ 18ರಿಂದ 40 ವರ್ಷದವರಿಗಾಗಿ ಯುವತಿಯರ ಪೂರಕ ಗುಂಪುಗಳು ಬಂದವು. 2010ರಿಂದ ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾದ ಮೇಲೆ ಕೂಟದಲ್ಲಿ ಲೆಕ್ಕ ಬರೆಯುತ್ತಿದ್ದ ಅನೇಕರು ಪಂಚಾಯತು ಸದಸ್ಯೆಯರಾಗಿದ್ದಾರೆ, ಅಧ್ಯಕ್ಷೆಯರೂ ಆಗಿದ್ದಾರೆ. ಅರ್ಜಿ ಹಿಡಿದು ಪಂಚಾಯತು ಕಚೇರಿಯ ಬಾಗಿಲಲ್ಲಿ ಕಾಯುತ್ತಿದ್ದವರು ಈಗ ಅದೇ ಅರ್ಜಿಗಳನ್ನು ತೀರ್ಮಾನಿಸುವ ಸಭೆಯಲ್ಲಿ ಕೂರುತ್ತಾರೆ.